ಏರ್‌ಲೈನ್ ಕಾರ್ಡ್, ಬ್ಯಾಂಕ್ ಪಾಯಿಂಟ್, ಕ್ಯಾಶ್‌ಬ್ಯಾಕ್: ಬೆಳಗಾವಿ ಕಡೆಯವರಿಗೆ ಯಾವುದು ಸರಿ?

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಹತ್ತುವವರಲ್ಲಿ ಎಲ್ಲ ತರದವರೂ ಇದ್ದಾರೆ. ಉದ್ಯಮಬಾಗದ ಫೌಂಡ್ರಿ ಕೆಲಸಕ್ಕೆ ದೆಹಲಿಗೆ ಹೊರಟವರು, ಮಗಳ ಮನೆಗೆ ಬೆಂಗಳೂರಿಗೆ ಹೊರಟವರು, ಅಲ್ಲಿಂದ ಮುಂದೆ ಸಿಂಗಾಪುರ, ದುಬೈ, ಅಮೆರಿಕ ಅಂತ ಹೋಗುವ ಅಪ್ಪ ಅಮ್ಮಂದಿರು. ಇವರೆಲ್ಲರಿಗೂ ಒಂದಲ್ಲ ಒಂದು ಬ್ಯಾಂಕಿನಿಂದ ಫೋನ್ ಬಂದೇ ಬರುತ್ತದೆ: "ಸರ್, ಈ ಕಾರ್ಡ್ ತಗೊಳ್ಳಿ, ಫ್ಲೈಟ್ ಟಿಕೆಟ್ ಫ್ರೀ." ನೂರು ರೂಪಾಯಿಗೆ ಎಷ್ಟು ಪಾಯಿಂಟ್ ಅಂತ ಅವರು ಬಾಯಿಪಾಠ ಒಪ್ಪಿಸುತ್ತಾರೆ. ಆ ಪಾಯಿಂಟ್ ಎಷ್ಟು ದಿನ ಇರುತ್ತದೆ ಅಂತ ನಾವಾಗಿ ಕೇಳಬೇಕು.

ಕಾರ್ಡ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ವಾರ ವಾರ ಹಾರುವವರಿಗೆ ಅದರ ಚಿಂತೆ ಇಲ್ಲ, ಮೈಲ್ (ಏರ್‌ಲೈನ್ ಕೊಡುವ ಪಾಯಿಂಟ್) ಬಂದಹಾಗೆ ಖರ್ಚಾಗುತ್ತವೆ. ಆದರೆ ನಮ್ಮ ಕಡೆ ಹೆಚ್ಚಿನ ಮನೆಗಳವರು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಹಾರುವವರು. ಅಂಥವರ ಮೈಲ್ ಟಿಕೆಟ್ ಆಗುವ ಮೊದಲೇ ಗಡುವು ಮುಗಿದು ಹೋಗುತ್ತವೆ.

ಮಾರುಕಟ್ಟೆಯಲ್ಲಿ ಇರುವುದು ಮೂರು ಬಗೆ. ಒಂದು, ಏರ್‌ಲೈನ್ ಮತ್ತು ಬ್ಯಾಂಕ್ ಸೇರಿ ಕೊಡುವ ಕಾರ್ಡ್. ಖರ್ಚು ಮಾಡಿದ್ದಕ್ಕೆ ಆ ಏರ್‌ಲೈನಿನದೇ ಮೈಲ್ ಸಿಗುತ್ತದೆ. ಎರಡು, ಬ್ಯಾಂಕಿನದೇ ಪಾಯಿಂಟ್ ಕೊಡುವ ಕಾರ್ಡ್. ಪಾಯಿಂಟನ್ನು ಬೇಕಾದಾಗ ಬೇಕಾದ ಏರ್‌ಲೈನಿಗೆ ಕಳಿಸಬಹುದು. ಮೂರು, ಕ್ಯಾಶ್‌ಬ್ಯಾಕ್. ದುಡ್ಡೇ ಬಿಲ್ಲಿನಲ್ಲಿ ಕಡಿಮೆಯಾಗಿ ಬರುತ್ತದೆ.

ಗಡುವಿನಲ್ಲೂ ಬೇರೆ ಬೇರೆ ರೀತಿ

ಮೈಲಿನ ಗಡುವು ಎಂದರೆ ಎಲ್ಲ ಕಡೆ ಒಂದೇ ಲೆಕ್ಕ ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾರ್ಡಿನ ಬೆಲೆ ನಿಲ್ಲುವುದು ಇದರ ಮೇಲೆಯೇ.

ಮೊದಲನೆಯದು ಕಟ್ಟುನಿಟ್ಟಿನ ಗಡುವು. ಸಿಂಗಾಪುರ್ ಏರ್‌ಲೈನ್ಸ್‌ನ ಮೈಲ್ ಯೋಜನೆ ಕ್ರಿಸ್‌ಫ್ಲೈಯರ್ ಈ ಬಗೆಯದು. ಮೈಲ್ ಬಂದ ತಿಂಗಳಿನಿಂದ 36 ತಿಂಗಳು, ಆ ತಿಂಗಳ ಕೊನೆಗೆ ಮುಗಿಯಿತು. 2024ರ ಮಾರ್ಚಿನಲ್ಲಿ ಬಂದದ್ದು 2027ರ ಮಾರ್ಚ್ ಕೊನೆಗೆ ಹೋಗುತ್ತದೆ. ನಡುವೆ ನೀವು ಹಾರಿದಿರೋ ಇಲ್ಲವೋ, ಹೊಸ ಮೈಲ್ ಹಾಕಿದಿರೋ ಇಲ್ಲವೋ, ಹಳೆಯದಕ್ಕೆ ಸಂಬಂಧವಿಲ್ಲ.

ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರ ಮಗ ಸಿಂಗಾಪುರದಲ್ಲಿದ್ದಾನೆ. ಅವರು ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ್ದರು. "ತಂಗೀ, ಹೋದ ತಿಂಗಳಷ್ಟ ಕಾರ್ಡಿನಿಂದ ಮೈಲ್ ಹಾಕಿಸೇನಿ. ಹಂಗಾದ್ರ ಹಳೇವೂ ಉಳೀಬೇಕಲ್ಲ?"

"ಇಲ್ರೀ ಮಾಸ್ತರ. ಒಂದೊಂದು ತಿಂಗಳಿನವಕ್ಕ ಬ್ಯಾರೆ ಬ್ಯಾರೆ ಗಡುವು ಐತ್ರಿ. ಹೊಸಾವು ಹಾಕಿದ್ರ ಹೊಸಾವು ಅಷ್ಟ ಉಳೀತಾವು."

ಅವರ ಪರದೆಯ ಮೇಲೆ ಎಲ್ಲವೂ ಇತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ಒಟ್ಟು ಮೈಲ್. ಕೆಳಗೆ ಸಣ್ಣ ಅಕ್ಷರದಲ್ಲಿ ತಿಂಗಳು, ಅದರ ಮುಂದೆ ಆ ತಿಂಗಳು ಮುಗಿಯುವ ಮೈಲ್. ಎಲ್ಲರ ಕಣ್ಣೂ ಮೇಲಿನ ಒಟ್ಟು ಮೊತ್ತದ ಮೇಲೇ ಇರುತ್ತದೆ. ಓದಬೇಕಾದದ್ದು ಕೆಳಗಿನ ಸಾಲು. ಕ್ರಿಸ್‌ಫ್ಲೈಯರ್‌ನಲ್ಲಿ ಒಂದು ದಾರಿ ಇದೆ: ಗಡುವಿಗೆ ಮೊದಲೇ ಕೇಳಿದರೆ ಸಾಮಾನ್ಯ ಸದಸ್ಯರಿಗೂ ಆರು ತಿಂಗಳು ಮುಂದೂಡಿ ಕೊಡುತ್ತಾರೆ. ಪ್ರತಿ 10,000 ಮೈಲಿಗೆ 12 ಅಮೆರಿಕನ್ ಡಾಲರ್ ಅಥವಾ 1,200 ಮೈಲ್ ಕೊಡಬೇಕು. ಆರು ತಿಂಗಳೊಳಗೆ ಹೋಗುವುದು ಖಚಿತ ಅಂದರೆ ಮಾತ್ರ ಇದು ಲಾಭ. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಎಮಿರೇಟ್ಸ್‌ನ ಸ್ಕೈವಾರ್ಡ್ಸ್ ಕೂಡ ಹೆಚ್ಚು ಕಡಿಮೆ ಇದೇ ಬಗೆಯದು. ಮೈಲ್ ಕನಿಷ್ಠ ಮೂರು ವರ್ಷ ಇರುತ್ತವೆ, ಮುಗಿಯುವುದು ನಿಮ್ಮ ಹುಟ್ಟಿದ ತಿಂಗಳ ಕೊನೆಗೆ. ಇಲ್ಲಿ ನಮ್ಮ ಹಿರಿಯರು ಒಂದು ಮಾತು ನೆನಪಿಡಬೇಕು. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ಜೂನ್ 1 ಎಷ್ಟೋ ಜನರ ಪಾಸ್‌ಪೋರ್ಟಿನಲ್ಲೂ ಹಾಗೇ ಉಳಿದಿದೆ. ಏರ್‌ಲೈನ್ ಹಿಡಿಯುವುದು ಆ ತಾರೀಖನ್ನೇ. ಮನೆಯಲ್ಲಿ ಹುಟ್ಟುಹಬ್ಬ ದೀಪಾವಳಿ ಹೊತ್ತಿಗೆ ಬಂದರೂ ಮೈಲ್ ಮುಗಿಯುವುದು ಜೂನ್ 30ಕ್ಕೆ.

ಎರಡನೆಯದು ಚಟುವಟಿಕೆಯ ಗಡುವು. ಖಾತೆ ಸುಮ್ಮನೆ ಬಿದ್ದಿದ್ದರೆ ಮಾತ್ರ ಮೈಲ್ ಹೋಗುತ್ತವೆ. ಬ್ರಿಟಿಷ್ ಏರ್‌ವೇಸ್ ಮತ್ತು ಕತಾರ್ ಏರ್‌ವೇಸ್‌ನ ಮೈಲ್, ಅಂದರೆ ಏವಿಯೋಸ್, ಹೀಗೆ. 36 ತಿಂಗಳಲ್ಲಿ ಒಮ್ಮೆಯಾದರೂ ಒಂದಿಷ್ಟು ಏವಿಯೋಸ್ ಒಳಗೆ ಬರಬೇಕು, ಇಲ್ಲವೇ ಹೊರಗೆ ಹೋಗಬೇಕು. ಅಷ್ಟಾದರೆ ಇಡೀ ಖಾತೆಗೆ ಹೊಸ ಗಡುವು. ವಿಮಾನ ಹತ್ತಲೇಬೇಕು ಅಂತಿಲ್ಲ. ಬ್ಯಾಂಕಿನಿಂದ ಒಂದಷ್ಟು ಪಾಯಿಂಟ್ ಕಳಿಸಿದರೂ ಸಾಕು.

ಏರ್ ಇಂಡಿಯಾದ ಹಳೆಯ ಪಾಯಿಂಟ್ ಯೋಜನೆ ಫ್ಲೈಯಿಂಗ್ ರಿಟರ್ನ್ಸ್ 2024ರಲ್ಲಿ ನಿಯಮ ಬದಲಿಸಿತು, 2025ರಲ್ಲಿ ಮಹಾರಾಜ ಕ್ಲಬ್ ಅಂತ ಹೆಸರೂ ಬದಲಿಸಿತು. ಅಲ್ಲಿ 24 ತಿಂಗಳಿಗೆ ಒಮ್ಮೆಯಾದರೂ ಏರ್ ಇಂಡಿಯಾದಲ್ಲಿ ಹಾರಿದರೆ ಪಾಯಿಂಟ್ ಉಳಿಯುತ್ತವೆ. ಕೇಳಲು ಸುಲಭ. ಆದರೆ ಸಾಂಬ್ರಾದಲ್ಲಿ ಏರ್ ಇಂಡಿಯಾ ಸಿಗುವುದಿಲ್ಲ. ಗೋವಾ, ಪುಣೆ, ಮುಂಬೈ ಇಲ್ಲವೇ ಬೆಂಗಳೂರಿಗೆ ಹೋಗಿ ಹತ್ತಬೇಕು. ಪಾಯಿಂಟ್ ಉಳಿಸಲೆಂದೇ ಚೋರ್ಲಾ ಘಾಟ್ ಇಳಿದು ಹೋಗುವವರು ಯಾರಿದ್ದಾರೆ?

ಮೂರನೆಯದು ಗಡುವೇ ಇಲ್ಲದ್ದು. ಅಮೆರಿಕದ ಯುನೈಟೆಡ್ ಮತ್ತು ಡೆಲ್ಟಾ ಮೈಲ್‌ಗಳಿಗೆ ಗಡುವಿಲ್ಲ. ಮಕ್ಕಳನ್ನು ನೋಡಲು ಆ ಏರ್‌ಲೈನ್‌ಗಳಲ್ಲಿ ಹಾರಿದವರು ಖಾತೆ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಹೋದರೂ ಅವು ಅಲ್ಲೇ ಇರುತ್ತವೆ.

ಬ್ಯಾಂಕಿನ ಪಾಯಿಂಟಿಗೂ ಗಡುವು ಇದೆ

ಎರಡನೇ ಬಗೆಯ ಕಾರ್ಡ್ ತೆಗೆದುಕೊಂಡರೆ ಎರಡು ಗಡಿಯಾರ ನೋಡಬೇಕು. ಮೊದಲು ಬ್ಯಾಂಕಿನದು. ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್‌ನಲ್ಲಿ ಪಾಯಿಂಟ್ ಎರಡು ವರ್ಷ ಇರುತ್ತವೆ, ಇನ್ಫಿನಿಯಾದಲ್ಲಿ ಮೂರು ವರ್ಷ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಮೆಂಬರ್‌ಶಿಪ್ ರಿವಾರ್ಡ್ಸ್‌ಗೆ ಕಾರ್ಡ್ ಚಾಲ್ತಿಯಲ್ಲಿ ಇರುವವರೆಗೂ ಗಡುವಿಲ್ಲ. ಆದರೆ ಆ ಕಾರ್ಡನ್ನು ಖಡೇಬಜಾರಿನ ಅಂಗಡಿಗಳಲ್ಲಿ ಒಡ್ಡಿ ನೋಡಿ, "ಇದು ನಡೆಯೂದಿಲ್ರಿ" ಅನ್ನುವವರೇ ಜಾಸ್ತಿ.

ಏರ್‌ಲೈನಿಗೆ ಕಳಿಸಿದ ದಿನದಿಂದ ಎರಡನೇ ಗಡಿಯಾರ ಶುರು. ಹಾಗಾಗಿ ಬ್ಯಾಂಕಿನಲ್ಲಿ ಎರಡು ವರ್ಷ ಇಟ್ಟು ಆಮೇಲೆ ಕಳಿಸಿದರೆ, ಏರ್‌ಲೈನಿನಲ್ಲಿ ಮತ್ತೆ ಮೂರು ವರ್ಷ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಹಾರುವ ಮನೆಗೆ ಇದು ಸಣ್ಣ ಅನುಕೂಲವಲ್ಲ. ಏರ್‌ಲೈನ್ ಕಾರ್ಡಿನಲ್ಲಿ ಈ ಅವಕಾಶ ಇರುವುದಿಲ್ಲ. ಬಹಳಷ್ಟು ಕಡೆ ಮೈಲ್ ತಿಂಗಳು ತಿಂಗಳು ನೇರವಾಗಿ ಏರ್‌ಲೈನ್ ಖಾತೆಗೇ ಹೋಗಿ ಬೀಳುತ್ತವೆ.

ಒಂದು ಎಚ್ಚರ. ಕಳಿಸಿದ್ದು ವಾಪಸ್ ಬರುವುದಿಲ್ಲ. ಬ್ಯಾಂಕಿನ ಪಾಯಿಂಟ್ ಹಗೇವಿನಲ್ಲಿಟ್ಟ ಜೋಳದ ಹಾಗೆ, ಬೇಕಾದಾಗ ಬೇಕಾದಷ್ಟು ತೆಗೆಯುವುದೇ ಸರಿ. ಮೊದಲು ಏರ್‌ಲೈನಿನ ಆ್ಯಪ್‌ನಲ್ಲಿ ನಿಮ್ಮ ತಾರೀಖಿಗೆ ಮೈಲ್ ಸೀಟು ಇದೆಯಾ ನೋಡಿ, ಆಮೇಲೆ ಕಳಿಸಿ. ಕೆಲವು ಏರ್‌ಲೈನಿಗೆ ತಕ್ಷಣ ಹೋಗುತ್ತದೆ, ಕೆಲವಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಸೀಟು ಹೋಗಬಹುದು ಅನ್ನುವುದೂ ನಿಜ.

ಬ್ಯಾಂಕಿನ ಗಡುವು ಬಂದೇ ಬಿಟ್ಟಿತು, ಪ್ರಯಾಣ ಮಾತ್ರ ಗೊತ್ತಾಗಿಲ್ಲ ಅಂದುಕೊಳ್ಳಿ. ಆಗ ಕಟ್ಟುನಿಟ್ಟಿನ ಗಡುವಿನ ಕಡೆ ಕಳಿಸಬೇಡಿ. ಏವಿಯೋಸ್ ತರದ ಚಟುವಟಿಕೆಯ ಗಡುವಿನ ಕಡೆ ಕಳಿಸಿ. ಅಲ್ಲಿ ಆಗಾಗ ಒಂದು ಸಣ್ಣ ವರ್ಗಾವಣೆ ಮಾಡುತ್ತಾ ಇದ್ದರೆ ಮೈಲ್ ಉಳಿಯುತ್ತವೆ.

ಒಂದೇ ಏರ್‌ಲೈನಿಗೆ ಕಟ್ಟಿಕೊಳ್ಳುವುದು

ಬೆಳಗಾವಿಯವರಿಗೆ ಈ ವಿಷಯದಲ್ಲಿ ಬೇರೆ ಊರಿನವರಿಗಿಂತ ಜಾಸ್ತಿ ಅನುಭವ ಇದೆ. ಸ್ಪೈಸ್‌ಜೆಟ್ 2018ರಲ್ಲಿ ಇಲ್ಲಿಂದ ಹುಬ್ಬಳ್ಳಿ ಕಡೆ ಹೊರಳಿತು. 2019ರಲ್ಲಿ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಸಾಲು ಸಾಲು ಮಾರ್ಗ ಸಿಕ್ಕವು. ಅಲಯನ್ಸ್ ಏರ್, ಟ್ರೂಜೆಟ್ ಬಂದವು, ಹೋದವು. ಉಳಿದುಕೊಂಡದ್ದು ಇಂಡಿಗೋ ಮತ್ತು ಸ್ಟಾರ್ ಏರ್. ಏರ್‌ಲೈನ್ ಊರು ಬಿಟ್ಟರೆ ಅದರ ಮೈಲ್ ಊರಿನವರಿಗೆ ಅರ್ಧ ಸತ್ತ ಹಾಗೆಯೇ.

ಏರ್‌ಲೈನೇ ಮುಚ್ಚಿದರೆ? ಕಿಂಗ್‌ಫಿಷರ್ 2012ರಲ್ಲಿ ನಿಂತಾಗ ಅದರ ಮೈಲ್ ಇದ್ದವರಿಗೆ ಹಾರಲು ವಿಮಾನವೇ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿತು. ಆದರೆ ಅದರ ಮೈಲ್ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿತ್ತು. ಅದು ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ಮುಂದುವರಿಯಿತು, ಹಾಗಾಗಿ ಸದಸ್ಯರ ಮೈಲ್ ಉಳಿದವು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿತು. ಕ್ಲಬ್ ವಿಸ್ತಾರ ಪಾಯಿಂಟ್ ಒಂದಕ್ಕೊಂದರಂತೆ ಫ್ಲೈಯಿಂಗ್ ರಿಟರ್ನ್ಸ್‌ಗೆ ಹೋದವು. ಆದರೆ ವಿಸ್ತಾರ ಟಿಕೆಟ್ ಸಿಗುತ್ತದೆ ಅಂತಲೇ ಕಾರ್ಡ್ ತೆಗೆದುಕೊಂಡಿದ್ದವರು ಹೊಸದಾಗಿ ಹುಡುಕಬೇಕಾಯಿತು.

ಏರ್‌ಲೈನ್ ಗಟ್ಟಿಯಾಗಿಯೇ ಇದ್ದರೂ ಕಾರ್ಡಿನ ನಿಯಮ ಬದಲಾಗುತ್ತದೆ. ಏರ್ ಇಂಡಿಯಾ ಎಸ್‌ಬಿಐ ಸಿಗ್ನೇಚರ್ ಕಾರ್ಡಿನಿಂದ ಏರ್ ಇಂಡಿಯಾ ಟಿಕೆಟ್ ತೆಗೆದರೆ ನೂರು ರೂಪಾಯಿಗೆ 30 ಪಾಯಿಂಟ್ ಬರುತ್ತಿತ್ತು. 2025ರ ಮಾರ್ಚ್ 31ರಿಂದ ಅದು 10 ಆಯಿತು. ಪ್ಲಾಟಿನಂ ಕಾರ್ಡಿನಲ್ಲಿ 15 ಇದ್ದದ್ದು 5 ಆಯಿತು. ಮೂರು ವರ್ಷದ ಲೆಕ್ಕ ಹಾಕಿ ಕಾರ್ಡ್ ತೆಗೆದುಕೊಂಡವರಿಗೆ ಒಂದೇ ದಿನದಲ್ಲಿ ಲೆಕ್ಕ ತಲೆಕೆಳಗಾಯಿತು. ಇಂದಿನ ಪಾಯಿಂಟ್ ದರ ನೋಡಿ ಹತ್ತು ವರ್ಷದ ಕನಸು ಕಟ್ಟಬಾರದು ಅನ್ನುವುದು ಇದಕ್ಕೇ.

ಕೂಡಿಸಿ ಕಳೆದು ನೋಡೋಣ

ಒಂದು ಏರ್‌ಲೈನ್ ಕಾರ್ಡ್ ಇದೆ ಅಂದುಕೊಳ್ಳಿ. ವರ್ಷದ ಶುಲ್ಕ 3,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 3,540. ನೂರು ರೂಪಾಯಿಗೆ 2 ಮೈಲ್. ಮನೆಯ ಖರ್ಚು ತಿಂಗಳಿಗೆ 20,000 ಕಾರ್ಡಿನಲ್ಲಿ ಹೋಗುತ್ತದೆ. ವರ್ಷಕ್ಕೆ 2,40,000, ಅಂದರೆ 4,800 ಮೈಲ್.

ಒಂದು ಮೈಲಿನ ಬೆಲೆ ಎಷ್ಟು? ಅದನ್ನು ಯಾರನ್ನೂ ಕೇಳಬೇಕಾಗಿಲ್ಲ. ಒಂದೇ ವಿಮಾನವನ್ನು ದುಡ್ಡಿನಲ್ಲೂ ಮೈಲಿನಲ್ಲೂ ಹುಡುಕಿ. ದುಡ್ಡಿನ ಟಿಕೆಟ್ 6,200 ಇದೆ, ಮೈಲಿನಲ್ಲಿ 9,000 ಮೈಲ್ ಮತ್ತು ತೆರಿಗೆ 1,100 ಕೇಳುತ್ತಿದೆ ಅಂದುಕೊಳ್ಳಿ. 6,200ರಲ್ಲಿ 1,100 ಕಳೆದರೆ 5,100. ಅದನ್ನು 9,000ದಿಂದ ಭಾಗಿಸಿದರೆ ಸುಮಾರು 57 ಪೈಸೆ. ಹೌದು, "ಫ್ರೀ" ಟಿಕೆಟಿಗೂ ತೆರಿಗೆ ಕಟ್ಟಬೇಕು. ಫೋನಿನಲ್ಲಿ ಇದನ್ನೂ ಹೇಳುವುದಿಲ್ಲ.

ಲೆಕ್ಕ ಸುಲಭವಾಗಲಿ ಅಂತ 50 ಪೈಸೆ ಹಿಡಿದರೆ 4,800 ಮೈಲಿಗೆ 2,400 ರೂಪಾಯಿ. ಶುಲ್ಕ 3,540. ಶುಲ್ಕದಷ್ಟಾದರೂ ವಾಪಸ್ ಬರಬೇಕಾದರೆ ವರ್ಷಕ್ಕೆ 3,54,000 ರೂಪಾಯಿ ಖರ್ಚು ಮಾಡಬೇಕು.

ಅದೇ 2,40,000 ಖರ್ಚನ್ನು ಕ್ಯಾಶ್‌ಬ್ಯಾಕಿಗೆ ಹಾಕಿ ನೋಡಿ. ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡಿಗೆ ವರ್ಷದ ಶುಲ್ಕ 999 ರೂಪಾಯಿ, ವರ್ಷಕ್ಕೆ ಎರಡು ಲಕ್ಷ ಖರ್ಚಾದರೆ ಅದೂ ಮನ್ನಾ. ತಿಂಗಳ ಮಿತಿಯೊಳಗೆ ಆನ್‌ಲೈನ್ ಖರ್ಚಿಗೆ 5%, ಅಂಗಡಿ ಖರ್ಚಿಗೆ 1%. ಒಂದು ಲಕ್ಷ ಆನ್‌ಲೈನ್ ಆದರೆ 5,000, ಉಳಿದ 1,40,000ಕ್ಕೆ 1,400. ಒಟ್ಟು 6,400 ರೂಪಾಯಿ ಬಿಲ್ಲಿನಲ್ಲೇ ಕಡಿಮೆ. ಶುಲ್ಕವೇ ಇಲ್ಲದ ಅಮೆಜಾನ್ ಪೇ ಐಸಿಐಸಿಐ ಕಾರ್ಡಿನಂಥವೂ ಇವೆ. ಕ್ಯಾಶ್‌ಬ್ಯಾಕ್ ದುಡ್ಡಿನಿಂದ ಇಂಡಿಗೋ ಆಗಲಿ, ಸ್ಟಾರ್ ಏರ್ ಆಗಲಿ, ವಂದೇ ಭಾರತ್ ಆಗಲಿ, ಯಾವ ಟಿಕೆಟ್ ಬೇಕಾದರೂ ತೆಗೆಯಬಹುದು.

ಹಾಗಾದರೆ ಮೈಲಿಗೆ ಅರ್ಥವೇ ಇಲ್ಲವಾ? ಇದೆ. ವಿದೇಶದ ಬಿಸಿನೆಸ್ ಕ್ಲಾಸ್ ಟಿಕೆಟಿಗೆ ಮೈಲಿನ ಬೆಲೆ ಒಂದು ರೂಪಾಯಿ ದಾಟುವುದುಂಟು. ಮಂಡಿ ನೋವಿನ ತಾಯಿಯನ್ನು ಹದಿನಾರು ಗಂಟೆ ಕೂರಿಸಿಕೊಂಡು ಹೋಗಬೇಕಾದ ಮನೆಯವರಿಗೆ ಮಲಗುವ ಸೀಟು ದೊಡ್ಡ ವಿಷಯ. ಅದನ್ನು ದುಡ್ಡು ಕೊಟ್ಟು ತೆಗೆಯುವುದು ಎಲ್ಲರಿಂದ ಆಗದು. ಅಂಥ ಒಂದು ಗುರಿ ಇಟ್ಟುಕೊಂಡವರಿಗೆ ಬ್ಯಾಂಕ್ ಪಾಯಿಂಟ್ ಕಾರ್ಡ್ ಕೂಡಿಸಲು ಯೋಗ್ಯ.

ನಮ್ಮ ಊರಿನ ಖರ್ಚು ಹೇಗಿದೆ

ಬಾಗಲಕೋಟೆಯ ನವನಗರದಲ್ಲಾಗಲಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯ ಮನೆಯಲ್ಲಾಗಲಿ ದಿನದ ಖರ್ಚು ಹೋಗುವುದು ಯುಪಿಐನಲ್ಲಿ. ತರಕಾರಿ, ಕಿರಾಣಿ, ಖಾನಾವಳಿ ಎಲ್ಲ ಕಡೆ ಕ್ಯೂಆರ್ ಹಾಳೆ. ಕಾರ್ಡ್ ಉಜ್ಜುವ ಮಷಿನ್ ಇರುವುದು ದೊಡ್ಡ ಅಂಗಡಿ, ಆಸ್ಪತ್ರೆ, ಪೆಟ್ರೋಲ್ ಬಂಕುಗಳಲ್ಲಿ. ಯುಪಿಐಗೆ ಜೋಡಿಸಲು ಬರುವುದು ರುಪೇ ಕ್ರೆಡಿಟ್ ಕಾರ್ಡ್ ಮಾತ್ರ, 2022ರಿಂದ. ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಲು ಬರುವುದಿಲ್ಲ. ಹಾಗಾಗಿ ಕಾರ್ಡ್ ಆರಿಸುವ ಮೊದಲು ಹಿಂದಿನ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಕಾರ್ಡಿನಲ್ಲಿ ನಿಜವಾಗಿ ಎಷ್ಟು ಹೋಗಬಲ್ಲದು ಅಂತ ಗುರುತು ಹಾಕಿ. ಬಾಡಿಗೆ, ಪೆಟ್ರೋಲ್, ವಿಮೆ, ಸರಕಾರಿ ಶುಲ್ಕಗಳಿಗೆ ಬಹಳಷ್ಟು ಬ್ಯಾಂಕುಗಳು ಪಾಯಿಂಟ್ ಕೊಡುವುದಿಲ್ಲ ಇಲ್ಲವೇ ಕಡಿತ ಮಾಡಿವೆ. ಅವನ್ನೂ ಕಳೆಯಿರಿ. ಉಳಿದ ಮೊತ್ತ ಎಷ್ಟೋ ಮನೆಗಳಲ್ಲಿ ತೀರಾ ಚಿಕ್ಕದು.

ಇನ್ನು ಯಾರಿಗೆ ಯಾವುದು. ತಿಂಗಳಿಗೊಮ್ಮೆಯಾದರೂ ಸಾಂಬ್ರಾ ಇಲ್ಲವೇ ಹುಬ್ಬಳ್ಳಿಯಿಂದ ಇಂಡಿಗೋ ಹತ್ತುವ ಉದ್ಯಮಿ, ಡಾಕ್ಟರು, ಹತ್ತರಗಿ ಕಡೆ ಕೆಲಸ ಮಾಡುವ ಎಂಜಿನಿಯರ್ ಇದ್ದರೆ ಇಂಡಿಗೋ ಕಾರ್ಡ್ ಯೋಚಿಸಬಹುದು. 2024ರಲ್ಲಿ ಶುರುವಾದ ಇಂಡಿಗೋದ ಬ್ಲೂಚಿಪ್ ಪಾಯಿಂಟ್ ಯೋಜನೆಗೆ ಜೋಡಿಸಿದ ಕಾರ್ಡುಗಳು ಬಂದಿವೆ. ಹಾರಾಟವೂ ಖರ್ಚೂ ಒಂದೇ ಖಾತೆಗೆ ಬೀಳುತ್ತವೆ, ಪಾಯಿಂಟ್ ಕೊಳೆಯಲು ಸಮಯವೇ ಇರುವುದಿಲ್ಲ. ಆದರೆ ಟಿಕೆಟನ್ನು ಕಂಪನಿ ತನ್ನ ಕಾರ್ಡಿನಲ್ಲಿ ತೆಗೆಯುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಬಾಗಲಕೋಟೆಯವರು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿಯೇ ಹತ್ತಬೇಕು. ವಿಜಯಪುರದವರು ತಮ್ಮೂರಿನ ಬುರಣಾಪುರ ನಿಲ್ದಾಣದಿಂದ ವಿಮಾನ ಹಾರುವವರೆಗೆ ಹುಬ್ಬಳ್ಳಿ ಇಲ್ಲವೇ ನೇರ ಹೈದರಾಬಾದ್ ಕಡೆ ನೋಡುತ್ತಾರೆ. ಒಮ್ಮೆ ಒಂದು ನಿಲ್ದಾಣ, ಇನ್ನೊಮ್ಮೆ ಇನ್ನೊಂದು. ಅಂಥವರು ಒಂದೇ ಏರ್‌ಲೈನಿಗೆ ಕಟ್ಟಿಕೊಳ್ಳುವುದು ಬೇಡ ಅಂತಲೇ ನಾನು ಹೇಳುತ್ತೇನೆ. ಕ್ಯಾಶ್‌ಬ್ಯಾಕ್ ತೆಗೆದುಕೊಳ್ಳಿ, ನೆಮ್ಮದಿಯಿಂದ ಇರಿ.

ಬಿಲ್ಲನ್ನು ತಿಂಗಳು ತಿಂಗಳು ಪೂರ್ತಿ ಕಟ್ಟಲು ಆಗದವರಿಗೆ ಮೂರರಲ್ಲಿ ಯಾವುದೂ ಬೇಡ. ಬಾಕಿ ಉಳಿದರೆ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಹತ್ತಿರ ಬಡ್ಡಿ, ಅಂದರೆ ವರ್ಷಕ್ಕೆ ನಲವತ್ತು ದಾಟುತ್ತದೆ. ಯಾವ ಮೈಲೂ ಅದನ್ನು ತುಂಬಿಕೊಡುವುದಿಲ್ಲ.

ವಿದೇಶದಲ್ಲಿ ಕಾರ್ಡ್ ಬಳಸುವವರು ಇನ್ನೊಂದು ಸಾಲು ಓದಿ. ಸಾಮಾನ್ಯ ಕಾರ್ಡುಗಳಲ್ಲಿ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿಗೆ ಬ್ಯಾಂಕ್ ಹಾಕುವ ಶುಲ್ಕ) 3.5%, ಅದರ ಮೇಲೆ ಜಿಎಸ್‌ಟಿ. ಒಂದು ಲಕ್ಷದ ಖರೀದಿಗೆ 4,130 ರೂಪಾಯಿ ಹೆಚ್ಚಿಗೆ ಹೋಗುತ್ತದೆ.

ತೆಗೆದುಕೊಂಡ ಮೇಲೆ

ಹೆಸರು ಸರಿ ಮಾಡಿಸಿ. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಬ್ಯಾಂಕಿನಲ್ಲಿ ಒಂದು ಇನಿಷಿಯಲ್ ಮತ್ತು ಅಡ್ಡಹೆಸರು. ಏರ್‌ಲೈನ್ ಖಾತೆಯಲ್ಲಿ ಮೂರನೇ ತರ. ಪಾಯಿಂಟ್ ವರ್ಗಾವಣೆ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಏರ್‌ಲೈನ್ ಖಾತೆ ಪಾಸ್‌ಪೋರ್ಟಿನಂತೆ ಇರಲಿ, ಬ್ಯಾಂಕಿನ ದಾಖಲೆಯನ್ನೂ ಅದಕ್ಕೆ ಹೊಂದಿಸಿ.

ಏಜೆಂಟ್ ಹತ್ತಿರ ಟಿಕೆಟ್ ಮಾಡಿಸುವವರು ಫ್ರೀಕ್ವೆಂಟ್ ಫ್ಲೈಯರ್ ನಂಬರ್ (ಏರ್‌ಲೈನಿನ ಮೈಲ್ ಖಾತೆ ಸಂಖ್ಯೆ) ಕೊಡುವುದನ್ನು ಮರೆಯಬೇಡಿ. ಅವರು ಕೇಳುವುದಿಲ್ಲ, ಆ ಜಾಗ ಖಾಲಿ ಹೋಗುತ್ತದೆ, ಹಾರಿದ ಮೈಲ್ ಎಲ್ಲೂ ಬೀಳುವುದಿಲ್ಲ. ಮೈಲ್ ಖಾತೆಯಲ್ಲಿ ಕಾಣುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಗಡುವಿಗೆ ಮೂರು ತಿಂಗಳು ಮೊದಲೇ ಮೊಬೈಲಿನಲ್ಲಿ ನೆನಪು ಇಟ್ಟುಕೊಳ್ಳಿ. ಏರ್‌ಲೈನಿನ ಇಮೇಲ್ ಬರುತ್ತದೆ ಅಂತ ಕಾಯಬೇಡಿ, ಜಾಹೀರಾತಿನ ರಾಶಿಯಲ್ಲಿ ಅದು ಕಾಣುವುದಿಲ್ಲ. ಹಿರಿಯರ ಖಾತೆಯನ್ನು ಮನೆಯ ಮಕ್ಕಳು ನೋಡಿಕೊಳ್ಳುವುದು ಒಳ್ಳೆಯದು.

ಕಾರ್ಡ್ ಬೇಡ ಅನ್ನಿಸಿದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಆಮೇಲೆ ಮುಚ್ಚಿ. ಏರ್‌ಲೈನ್ ಖಾತೆಗೆ ಹೋದ ಮೈಲ್ ಅಲ್ಲಿಯೇ ಇರುತ್ತವೆ. ಬ್ಯಾಂಕಿನಲ್ಲಿ ಉಳಿದ ಪಾಯಿಂಟ್ ಕಾರ್ಡಿನ ಜೊತೆಗೇ ಹೋಗುವ ಸಾಧ್ಯತೆ ಜಾಸ್ತಿ. ಬಾಕಿ ಇಲ್ಲದಿದ್ದರೆ ಬ್ಯಾಂಕ್ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಮುಚ್ಚಲು ಕೇಳಿದ ಇಮೇಲನ್ನು ಅಳಿಸಬೇಡಿ. ವರ್ಷದ ಶುಲ್ಕ ಬೀಳುವ ತಿಂಗಳಿಗಿಂತ ಒಂದು ತಿಂಗಳು ಮೊದಲೇ ಕೇಳಿದರೆ ಶುಲ್ಕದ ಜಗ್ಗಾಟವೂ ಇರುವುದಿಲ್ಲ.